ಐದು ಡ್ರಾಯರು, ಐದು ಹಿಡಿ

ನಮ್ಮ ಅಡುಗೆಮನೆಯ ಹೊಸ ಕಪಾಟಿಗೆ ಐದು ಡ್ರಾಯರುಗಳಿವೆ. ಐದಕ್ಕೂ ಐದು ಥರದ ಹಿಡಿ. ಒಂದು ಬೋರೆಹಣ್ಣಿನ ಹಾಗೆ ಗುಂಡಗೆ, ಒಂದು ಚೌಕ, ಒಂದು ಹೂವಿನಂತೆ ಅಂಚು ಅಲೆಅಲೆ, ಒಂದು ಉದ್ದನೆಯ ಕಂಬಿ, ಇನ್ನೊಂದು ಕವುಚಿ ಹಾಕಿದ ಬಟ್ಟಲಿನ ಅರ್ಧದಂತಿದೆ. ಮನೆಗೆ ಬಂದವರು ಒಂದು ಕ್ಷಣ ನೋಡಿ, "ಏನ್ ಟೀಚರ್, ಅಂಗಡೀಲಿ ಒಂದೇ ಥರದ್ದು ಐದು ಸಿಗ್ಲಿಲ್ವಾ?" ಎಂದು ಕೇಳುತ್ತಾರೆ. ಸಿಗುತ್ತಿತ್ತು. ನಾವೇ ಬೇಡವೆಂದೆವು. ಯಾಕೆಂದು ಹೇಳಬೇಕಾದರೆ ನಮ್ಮ ಯಜಮಾನರ ಕಣ್ಣಿನಿಂದ ಶುರುಮಾಡಬೇಕು.

ಇವರು ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ತುಮಕೂರಿನಿಂದ ತಿಪಟೂರು, ಅರಸೀಕೆರೆ ಕಡೆಗೆ ಹೋಗುವ ಬೆಳಗಿನ ಮೊದಲ ಬಸ್ಸು ಬಹಳ ವರ್ಷ ಇವರದೇ ಆಗಿತ್ತು. ನಾಲ್ಕು ಗಂಟೆಗೆ ಎದ್ದು, ತಾವೇ ಕಾಫಿ ಮಾಡಿ ಕುಡಿದು, ನನಗೊಂದು ಲೋಟ ಮುಚ್ಚಿಟ್ಟು ಹೊರಡುತ್ತಿದ್ದರು. ನಿವೃತ್ತಿಯಾದರೂ ಆ ಅಭ್ಯಾಸ ನಿವೃತ್ತಿಯಾಗಲಿಲ್ಲ. ಮದುವೆಯಾಗಿ 42 ವರ್ಷವಾಯಿತು. ಬೆಳಗಿನ ಮೊದಲ ಕಾಫಿಯನ್ನು ನಾನು ಮಾಡಿದ್ದು ಹೆರಿಗೆ, ಹಬ್ಬ ಬಿಟ್ಟರೆ ಇಲ್ಲವೆಂದೇ ಹೇಳಬೇಕು. ಈ ವಿಷಯದಲ್ಲಿ ಓಣಿಯ ಹೆಂಗಸರಿಗೆಲ್ಲ ನನ್ನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು.

ನಾಲ್ಕು ವರ್ಷದ ಹಿಂದೆ ಇವರಿಗೆ ಗ್ಲಾಕೋಮಾ ಇದೆಯೆಂದು ಗೊತ್ತಾಯಿತು. ಇದು ಬೆಕ್ಕಿನ ಹೆಜ್ಜೆಯ ಕಾಯಿಲೆ. ಸಾಮಾನ್ಯವಾಗಿ ನೋವಿರುವುದಿಲ್ಲ, ಕಣ್ಣು ಕೆಂಪಗಾಗುವುದಿಲ್ಲ. ಮೊದಲು ಹೋಗುವುದು ಅಕ್ಕಪಕ್ಕದ ನೋಟ, ನಡುವಿನದು ಉಳಿದಿರುತ್ತದೆ. ಆದ್ದರಿಂದ ಪೇಪರ್ ಓದಬಲ್ಲ ಮನುಷ್ಯ ಪಕ್ಕದ ಕಂಬಕ್ಕೆ ಡಿಕ್ಕಿ ಹೊಡೆಯುತ್ತಾನೆ. ಮಕ್ಕಳೇ, ಎರಡು ಕೈಯನ್ನೂ ಕೊಳವೆಯ ಹಾಗೆ ಸುತ್ತಿ ಕಣ್ಣಿಗಿಟ್ಟುಕೊಂಡು ಮನೆಯೊಳಗೆ ನಾಲ್ಕು ಹೆಜ್ಜೆ ನಡೆದು ನೋಡಿ, ಅರ್ಥವಾಗುತ್ತದೆ. ಹೋದ ನೋಟ ಮರಳಿ ಬರುವುದಿಲ್ಲ. ದಿನವೂ ತಪ್ಪದೆ ಹಾಕುವ ಹನಿ ಉಳಿದದ್ದನ್ನು ಕಾಪಾಡುವುದಕ್ಕೆ. ತಂದೆತಾಯಿಗಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು ಎಂದು ಡಾಕ್ಟರು ಹೇಳಿದ್ದರಿಂದ ನಮ್ಮ ಮಗನೂ ಹೋಗಿ ಕಣ್ಣಿನ ಒತ್ತಡ ನೋಡಿಸಿಕೊಂಡು ಬಂದ.

ಹಳೆಯ ಅಡುಗೆಮನೆಯಲ್ಲಿ ಒಲೆಯ ಪಕ್ಕ, ತಲೆಯ ಮಟ್ಟಕ್ಕೆ ಒಂದು ಗೋಡೆ ಕಪಾಟಿತ್ತು. ಅದರ ಬಾಗಿಲನ್ನು ಹಿಡಿದಿಡುವ ಮ್ಯಾಗ್ನೆಟ್ ಸವೆದು, ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಬೆಳಗಿನ ಜಾವ ಅದರ ಮೂಲೆ ಇವರ ಹುಬ್ಬಿಗೆ ಬಡಿಯಿತು. ಮೂರು ಹೊಲಿಗೆ. ಗಾಯ ಹತ್ತು ದಿನದಲ್ಲಿ ಮಾಯಿತು. ಆದರೆ ಇವರು ಅಡುಗೆಮನೆಗೆ ಹೋಗುವುದನ್ನೇ ಬಿಟ್ಟರು. ಬೆಳಿಗ್ಗೆ ಎದ್ದು ನಡುಮನೆಯ ಕುರ್ಚಿಯಲ್ಲಿ ಕತ್ತಲಲ್ಲೇ ಕೂತಿರುತ್ತಿದ್ದರು. ನಾನು ಎದ್ದ ಸದ್ದಾದ ಮೇಲೆ, "ಕಾಫಿ ಆಯ್ತೇನೇ?" ಎನ್ನುತ್ತಿದ್ದರು. ಮೆಲ್ಲಗೆ, ನೆಂಟರ ಮನೆಯಲ್ಲಿ ಕೇಳುವ ಹಾಗೆ. ಆ ಧ್ವನಿ ನನಗೆ ಸಹಿಸಲಾಗಲಿಲ್ಲ.

ಮಗ ಅಡುಗೆಮನೆ ಮಾಡಿಕೊಡುವ ಕಂಪನಿಯೊಂದಕ್ಕೆ ಹೇಳಿದ. ಹುಡುಗನೊಬ್ಬ ಬಂದು ಅಳತೆ ತೆಗೆದುಕೊಂಡು ಹೋಗಿ 1,65,000 ರೂಪಾಯಿಯ ಅಂದಾಜು ಕೊಟ್ಟ. ಚಿತ್ರ ಚೆನ್ನಾಗಿತ್ತು. ಕನ್ನಡಿಯಂತೆ ಹೊಳೆಯುವ ಬಾಗಿಲು, ಮೇಲೆ ಸಾಲಾಗಿ ಕಪಾಟು. ಹೊಳಪು ಇವರ ಕಣ್ಣಿಗೆ ಚುಚ್ಚುತ್ತದೆ. ಮೇಲಿನ ಕಪಾಟೇ ಹುಬ್ಬಿಗೆ ಬಡಿದದ್ದು. ದುಡ್ಡಿನ ಮಾತು ಹಾಗಿರಲಿ, ಈ ಮನುಷ್ಯನ ಕೈ ಎಲ್ಲೆಲ್ಲಿಗೆ ಹೋಗುತ್ತದೆಂದು ಯಾರೂ ಕೇಳಿರಲಿಲ್ಲ. ಅಷ್ಟೊತ್ತಿಗೆ ಮೊಮ್ಮಗಳು ಪುಟ್ಟಿ ಬೇಸಿಗೆ ರಜಕ್ಕೆ ಬಂದಳು. ಎಂಟನೇ ಕ್ಲಾಸಿಗೆ ಹೋಗುವವಳು. "ಅಜ್ಜಿ, ನೀವು ಲೆಕ್ಕದ ಟೀಚರ್ ಅಲ್ವಾ? ನಾವೇ ಮಾಡೋಣ" ಎಂದಳು. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವಳಿಗೆ ಇದಕ್ಕಿಂತ ದೊಡ್ಡ ಸವಾಲು ಬೇಕೆ?

ನಮ್ಮ ಓಣಿಯ ಕೊನೆಯಲ್ಲಿ ವಯಸ್ಸಾದ ಆಚಾರ್ರು ಒಬ್ಬರಿದ್ದಾರೆ. ಮರದ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಡ್ರಿಲ್ ಮೆಷಿನ್ ಕೊಟ್ಟರು, ಜೊತೆಗೆ ಉಪದೇಶವನ್ನೂ ಕೊಟ್ಟರು. ನಾವು ತರಬೇಕೆಂದಿದ್ದ ಹಲಗೆಯ ಹೆಸರು ಕೇಳಿದೊಡನೆ ಅವರ ಮುಖ ಹುಳ್ಳಗಾಯಿತು. ಅಂಗಡಿಯಲ್ಲಿ ಪ್ರೀ-ಲ್ಯಾಮ್ ಎನ್ನುವ ಹಲಗೆ ಅದು. ಮರದ ಚೂರು, ಹೊಟ್ಟನ್ನು ಅಂಟು ಕಲಸಿ ಬಿಸಿಯಲ್ಲಿ ಒತ್ತಿ ಮಾಡುತ್ತಾರೆ. ಕಬ್ಬಿನ ಸಿಪ್ಪೆಯಿಂದ ಮಾಡುವುದೂ ಉಂಟು. ಮೇಲಿನ ಹೊದಿಕೆ ಮೆಲಮೈನ್ ರಾಳದಲ್ಲಿ ಅದ್ದಿದ ಕಾಗದ. ಒಡೆಯದ ಮೆಲಮೈನ್ ತಟ್ಟೆ ಇರುತ್ತದಲ್ಲ, ಅದರ ಅಣ್ಣತಮ್ಮನೇ. "ಪುಡಿ ಹಲಗೆ ಟೀಚರಮ್ಮ. ನೀರು ಬಿದ್ರೆ ರೊಟ್ಟಿ ಥರ ಉಬ್ಬುತ್ತೆ. ಮೊಳೆ ಹಿಡಿಯಲ್ಲ" ಎಂದರು ಆಚಾರ್ರು.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಪ್ಲೈವುಡ್ ತಂದರೆ ಬೆಲೆಯೂ ಹೆಚ್ಚು, ಮೇಲೆ ಲ್ಯಾಮಿನೇಟ್ ಹಾಳೆ ಅಂಟಿಸುವ ಕೆಲಸ ಬೇರೆ. ಗುಳ್ಳೆ ಬಾರದ ಹಾಗೆ ಅಂಟಿಸಲು ಪಳಗಿದ ಕೈ ಬೇಕು. ಪ್ರೀ-ಲ್ಯಾಮ್ ಮುಖ ತೊಳೆದುಕೊಂಡೇ ಬರುತ್ತದೆ. ನೀರಿನ ಭಯಕ್ಕೆ ಎರಡು ಉಪಾಯ ಮಾಡಿದೆವು. ಸಿಂಕಿನ ಕೆಳಗೆ ಈ ಹಲಗೆ ಇಡಲೇ ಇಲ್ಲ, ಅಲ್ಲಿ ಮೊದಲಿನಂತೆ ಬಯಲೇ. ಒಲೆಯ ಕಡೆಯ ಒಣ ಗೋಡೆಗೆ ಮಾತ್ರ ಕಪಾಟು. ಅದೂ ನೆಲಕ್ಕೆ ತಾಗದಂತೆ ನಾಲ್ಕು ಇಂಚಿನ ಪ್ಲಾಸ್ಟಿಕ್ ಕಾಲಿನ ಮೇಲೆ. ಕಾಲನ್ನು ತಿರುಗಿಸಿ ಎತ್ತರ ಹೊಂದಿಸಬಹುದು, ಹಳೆಯ ಮನೆಯ ಏರುತಗ್ಗಿನ ನೆಲಕ್ಕೆ ಹೇಳಿ ಮಾಡಿಸಿದ್ದು.

ಅಡುಗೆ ಕಟ್ಟೆಯ ಕೆಳಗೆ ಕಡಪ ಕಲ್ಲುಗಳ ನಡುವೆ ಎರಡು ಖಾಲಿ ಜಾಗಗಳಿದ್ದವು. ಪುಟ್ಟಿ ಟೇಪು ಹಿಡಿದು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಅಳೆದಳು. ಒಂದೊಂದು ಕಡೆ ಒಂದೊಂದು ಅಳತೆ! ಮೂರರಲ್ಲಿ ಚಿಕ್ಕದನ್ನೇ ಲೆಕ್ಕಕ್ಕೆ ಹಿಡಿಯಬೇಕು, ಇಲ್ಲದಿದ್ದರೆ ಪೆಟ್ಟಿಗೆ ಒಳಗೇ ಹೋಗುವುದಿಲ್ಲ. ಆಚಾರ್ರು ಸೂತಿನಲ್ಲಿ ಮಾತಾಡುತ್ತಾರೆ, ಅಂದರೆ ಇಂಚಿನ ಎಂಟನೇ ಒಂದು ಭಾಗ. ಪುಟ್ಟಿ ಮಿಲಿಮೀಟರಿನಲ್ಲಿ. ಇಬ್ಬರ ನಡುವೆ ನಾನು ದುಭಾಷಿ. ಕೊನೆಗೆ ಒಂದು ಪೆಟ್ಟಿಗೆ 600 ಮಿ.ಮೀ. ಅಗಲ, ಇನ್ನೊಂದು 450; ಎತ್ತರ ಎರಡಕ್ಕೂ 680 ಎಂದು ನಿಶ್ಚಯವಾಯಿತು.

ಆಮೇಲೆ ಯಂತ್ರಾಂಶ, ಅಂದರೆ ಹಾರ್ಡ್‌ವೇರ್. ಬಿ.ಎಚ್. ರಸ್ತೆಯ ಕಡೆ ಒಂದು ಅಂಗಡಿಗೆ ಮೂವರೂ ಹೋದೆವು. ಇವರು ಬರಲು ಒಪ್ಪಿರಲಿಲ್ಲ. "ನಾನು ಬಂದು ಏನು ನೋಡ್ಲಿ?" ಎಂದರು. "ನೋಡೋಕೆ ಅಲ್ಲ ತಾತ, ಮುಟ್ಟೋಕೆ" ಎಂದು ಪುಟ್ಟಿ ಕೈಹಿಡಿದು ಹೊರಡಿಸಿದಳು.

ನಮ್ಮ ಮೊದಲ ಯೋಚನೆ ಬಾಗಿಲಿನದು. ಈಗ ತಾನಾಗಿಯೇ ಮುಚ್ಚಿಕೊಳ್ಳುವ ಕೀಲು ಬಂದಿದೆಯಲ್ಲ, ಅದನ್ನು ಹಾಕಿಸಿದರೆ ಬಾಗಿಲು ತೆರೆದೇ ಉಳಿಯುವ ಭಯವಿಲ್ಲ ಎಂದುಕೊಂಡಿದ್ದೆವು. ಅಂಗಡಿಯವರು ಮಾದರಿ ತಂದಿಟ್ಟರು. ಬಾಗಿಲಿನಲ್ಲಿ 35 ಮಿ.ಮೀ. ಅಗಲದ ಗುಂಡಗಿನ ಕುಳಿ ತೋಡಿ ಕೂರಿಸುವ ಕೀಲು ಅದು. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚುವುದಾದರೆ ಝೀರೋ ಕ್ರ್ಯಾಂಕ್, ಎರಡು ಬಾಗಿಲು ಒಂದೇ ಹಲಗೆಯನ್ನು ಹಂಚಿಕೊಂಡರೆ 8, ಬಾಗಿಲು ಪೆಟ್ಟಿಗೆಯ ಒಳಗೇ ಕೂರುವುದಾದರೆ 16 ಎಂದು ಕೇಳಿ ಕೊಳ್ಳಬೇಕಂತೆ. ಬಾಗಿಲು ಹಾಕಿಸುವವರು ಈ ಮೂರು ಸಂಖ್ಯೆ ಬರೆದಿಟ್ಟುಕೊಳ್ಳಿ, ಬೇರೆಯದು ತಂದರೆ ಬಾಗಿಲು ಕೂರುವುದೇ ಇಲ್ಲ. ಪುಟ್ಟಿ ಮಾದರಿ ಬಾಗಿಲನ್ನು ಅರ್ಧ ತೆರೆದು ಕೈಬಿಟ್ಟಳು. ಅದು ಅಲ್ಲೇ ನಿಂತಿತು. ಹೆಚ್ಚು ಬೆಲೆಯ ಸಾಫ್ಟ್ ಕ್ಲೋಸ್ ಕೀಲನ್ನೂ ಹಾಗೇ ಬಿಟ್ಟಳು. ಅದೂ ನಿಂತಿತು. "ಮುಚ್ಚೋ ಹತ್ರ ಬಂದ್ಮೇಲೆ ಮಾತ್ರ ಎಳ್ಕೊಳ್ಳೋದಮ್ಮ" ಎಂದರು ಅಂಗಡಿಯವರು. ಇವರು ಆ ಬಾಗಿಲಿನ ಮೂಲೆಯನ್ನು ಬೆರಳಿನಿಂದ ಸವರಿ, ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ನಮಗೆ ಬಾಗಿಲೇ ಬೇಡ" ಎಂದರು.

ಎರಡು ಪೆಟ್ಟಿಗೆಯಲ್ಲೂ ಡ್ರಾಯರೇ ಎಂದು ಅಲ್ಲಿಯೇ ತೀರ್ಮಾನವಾಯಿತು. ಗೋಡೆಯ ಹಳೆಯ ಕಪಾಟಿನ ಬಾಗಿಲನ್ನೂ ಕಿತ್ತುಹಾಕುವುದು. ಡ್ರಾಯರನ್ನು ತೆರೆದಿಟ್ಟರೂ ಅಡ್ಡವಾಗುತ್ತದೆ, ನಿಜ. ಆದರೆ ಅದು ಕಣ್ಣಿಗೆ ಬಡಿಯುವುದಿಲ್ಲ. ಮತ್ತೆ ಕಟ್ಟೆಯನ್ನು ಕೈಯಲ್ಲಿ ಹಿಡಿದೇ ನಡೆಯುವ ಇವರಿಗೆ ತೊಡೆಗೆ ತಾಗಿದರೆ ತಿಳಿಯುತ್ತದೆ.

ಇನ್ನು ಡ್ರಾಯರ್ ಜಾರುವ ಚಾನಲ್. ಎಲ್ಲಕ್ಕಿಂತ ಅಗ್ಗದ್ದು ಪುಟ್ಟ ಗಾಲಿಯ ಬಿಳಿ ಚಾನಲ್. ಅದು ಮುಕ್ಕಾಲು ಭಾಗ ಮಾತ್ರ ಹೊರಗೆ ಬರುತ್ತದೆ. ಹಿಂದಿರುವ ಡಬ್ಬ ಕತ್ತಲಲ್ಲೇ ಉಳಿಯುತ್ತದೆ. ಕೈಯಿಂದಲೇ ನೋಡುವವರಿಗೆ ಅದು ಆಗದು. ಎರಡನೆಯದು ಗುಂಡಿನ ಬೇರಿಂಗ್ ಇರುವ ಟೆಲಿಸ್ಕೋಪಿಕ್ ಚಾನಲ್, ಡ್ರಾಯರ್ ಪೂರ್ತಿ ಹೊರಗೆ. ಮೂರನೆಯದು ಅದೇ, ಆದರೆ ಸಾಫ್ಟ್ ಕ್ಲೋಸ್; ಬೆಲೆ ದುಪ್ಪಟ್ಟಿಗೂ ಮೇಲೆ. ಮಗ ಫೋನಿನಲ್ಲಿ, "ಅಪ್ಪನಿಗೆ ಒಳ್ಳೇದೇ ಹಾಕ್ಸಿ, ದುಡ್ಡು ನಾನು ಕೊಡ್ತೀನಿ" ಎಂದ. ಇವರು ಎರಡನ್ನೂ ಐದಾರು ಸಲ ಎಳೆದು ಮುಚ್ಚಿದರು. ಸಾಫ್ಟ್ ಕ್ಲೋಸ್ ಉಸಿರು ಬಿಟ್ಟಂತೆ ಸದ್ದಿಲ್ಲದೆ ಒಳಗೆ ಹೋಯಿತು. ಸಾದಾ ಚಾನಲ್ "ಟಕ್" ಎಂದಿತು.

"ಇದು" ಎಂದರು ಇವರು, ಸಾದಾ ಚಾನಲನ್ನು ಮುಟ್ಟಿ. "ಮುಚ್ಚಿದೆ ಅಂತ ಇದು ಬಾಯಿಬಿಟ್ಟು ಹೇಳುತ್ತೆ. ಅದು ಹೇಳಲ್ಲ."

ಹದಿನೆಂಟು ಇಂಚಿನ ಐದು ಜೋಡಿ ತೆಗೆದುಕೊಂಡೆವು, ಜೋಡಿಗೆ 290 ರೂಪಾಯಿ. ಡಬ್ಬದ ಮೇಲೆ 35 ಕೆ.ಜಿ. ತಡೆಯುತ್ತದೆಂದು ಬರೆದಿತ್ತು. ನಾವು ಮನೆಯಲ್ಲೇ ತೂಕ ಹಾಕಿಕೊಂಡು ಹೋಗಿದ್ದೆವು. ಅಕ್ಕಿ ಡಬ್ಬ, ರಾಗಿ ಹಿಟ್ಟು, ಬೇಳೆ, ಬೆಲ್ಲ ಎಲ್ಲ ಸೇರಿ ಅತಿ ಭಾರದ ಡ್ರಾಯರಿಗೆ 22 ಕೆ.ಜಿ. ಬರುತ್ತಿತ್ತು. ಸಾಕು.

ಹಿಡಿಯ ವಿಷಯಕ್ಕೆ ಬಂದಾಗ ಒಂದು ಚಂದದ ಸಂಗತಿ ನಡೆಯಿತು. ಅಂಗಡಿಯ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಸೆಟ್ಟು ಮಾರಿ ಉಳಿದ ಒಂಟಿ ಹಿಡಿಗಳು, ಯಾವುದಾದರೂ 20 ರೂಪಾಯಿ. ಒಂಟಿಯನ್ನು ಯಾರು ಕೊಳ್ಳುತ್ತಾರೆ? ಇವರು ಅದರೊಳಗೆ ಕೈ ಹಾಕಿದರು. ಬೆರಳಿಗೆ ಸಿಕ್ಕಿದ್ದನ್ನು ಒಂದೊಂದಾಗಿ ಎತ್ತಿ, "ಇದು ಐದು ಪೈಸೆ. ಇದು ಹತ್ತು ಪೈಸೆ" ಎನ್ನತೊಡಗಿದರು. ಪುಟ್ಟಿಗೆ ಅರ್ಥವಾಗಲಿಲ್ಲ. ಅಜ್ಜಿ ತಾತಂದಿರಿಗೆ ನೆನಪಿರಬೇಕು: ಅಲ್ಯೂಮಿನಿಯಂ ಕಾಲದ ಐದು ಪೈಸೆ ಚೌಕವಾಗಿತ್ತು, ಹತ್ತು ಪೈಸೆಗೆ ಅಲೆಅಲೆಯ ಅಂಚಿತ್ತು, ಇಪ್ಪತ್ತು ಪೈಸೆಗೆ ಆರು ಮೂಲೆ. ದೀಪ ಕೆಟ್ಟ ಬಸ್ಸಿನಲ್ಲಿ, ಚರ್ಮದ ಚೀಲದೊಳಗೆ ಕೈ ಹಾಕಿ, ನೋಡದೆಯೇ ಚಿಲ್ಲರೆ ಕೊಟ್ಟ ಬೆರಳುಗಳು ಇವರವು. ಆ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಬೆರಳಿನ ನೆನಪು ಮಾತ್ರ ಚಲಾವಣೆಯಲ್ಲೇ ಇತ್ತು.

ಐದು ಒಂಟಿ ಹಿಡಿಗಳನ್ನು ಅವರೇ ಆರಿಸಿದರು. ಕಂಬಿಯ ತುದಿ ಹೊರಚಾಚಿದ್ದರೆ ಪಂಚೆ ಸಿಕ್ಕಿಕೊಳ್ಳುತ್ತದೆಂದು, ತುದಿ ಒಳಕ್ಕೆ ಬಾಗಿದ್ದನ್ನೇ ಹುಡುಕಿದರು. ಒಟ್ಟು 100 ರೂಪಾಯಿ. ಒಂದೇ ಥರದ ಐದಕ್ಕೆ ಅದೇ ಅಂಗಡಿಯಲ್ಲಿ 600 ಹೇಳಿದ್ದರು.

ಹಲಗೆಯದು ಮಾತ್ರ ಬಿಳಿ, ಹೊಳಪಿಲ್ಲದ್ದು. ಅದರ ಅಂಚಿಗೆ ಅಂಟಿಸುವ ಪಟ್ಟಿ ಗಾಢ ಕಂದು, 2 ಮಿ.ಮೀ. ದಪ್ಪದ್ದು. "ಮ್ಯಾಚಿಂಗ್ ಬೇಡ್ವಾ ಆಂಟಿ?" ಎಂದು ಹಲಗೆ ಅಂಗಡಿಯ ಹುಡುಗ ಎರಡು ಸಲ ಕೇಳಿದ. ಬಿಳಿಗೆ ಕಂದು ಗೆರೆ ಎದ್ದು ಕಾಣಬೇಕು, ಉಳಿದಿರುವ ನೋಟಕ್ಕೆ ಡ್ರಾಯರ್ ಎಲ್ಲಿ ಮುಗಿಯುತ್ತದೆಂದು ತಿಳಿಯಬೇಕು. ದಪ್ಪ ಪಟ್ಟಿಯ ಮೂಲೆಯನ್ನು ಯಂತ್ರ ಗುಂಡಗೆ ಮಾಡಿಕೊಡುತ್ತದೆ, ತಾಗಿದರೂ ಕೊಯ್ಯುವುದಿಲ್ಲ. ಆಚಾರ್ರು ಹೇಳಿದ ನೀರಿನ ಕಾಟ ಮೊದಲು ನುಗ್ಗುವುದೂ ಬರಿ ಅಂಚಿನಿಂದಲೇ. ಆದ್ದರಿಂದ ಕಾಣದ ಹಿಂಭಾಗದ ಅಂಚಿಗೂ ತೆಳ್ಳಗಿನ ಪಟ್ಟಿ ಹಾಕಿಸಿದೆವು. ಹಲಗೆಯ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಅದು ಕಡಿಮೆ ಹೊರಬರುವ ದರ್ಜೆಗೆ ಇ-1 ಎನ್ನುತ್ತಾರೆ. ಅದನ್ನೇ ಕೇಳಿ ತಂದು, ಒಂದು ವಾರ ವರಾಂಡದಲ್ಲಿ ಗಾಳಿಗೆ ಒರಗಿಸಿಟ್ಟೆವು.

ಕತ್ತರಿಸುವುದನ್ನು ಅಂಗಡಿಯ ಯಂತ್ರಕ್ಕೇ ಬಿಟ್ಟದ್ದು ಒಳ್ಳೆಯದಾಯಿತು. ಕೈಗರಗಸದಲ್ಲಿ ಈ ಹಲಗೆಯ ಹೊದಿಕೆ ಚಕ್ಕೆ ಏಳುತ್ತದೆ, ಹೊಟ್ಟು ಮೂಗಿಗೆ ಹೋಗುತ್ತದೆ. ಕತ್ತರಿಸುವ ಪಟ್ಟಿ ಪುಟ್ಟಿಯದು. ಒಂದು ಹಲಗೆ ಎಂದರೆ 2440 ಮಿ.ಮೀ. ಉದ್ದ, 1220 ಅಗಲ. ಅದನ್ನು ಹತ್ತರಲ್ಲೊಂದು ಅಳತೆಗೆ ಗ್ರಾಫ್ ಹಾಳೆಯಲ್ಲಿ ಬರೆದು, ತುಂಡುಗಳನ್ನೂ ಕಾಗದದಲ್ಲಿ ಕತ್ತರಿಸಿ, ಜೋಡಿಸಿ ಜೋಡಿಸಿ ಎರಡೇ ಹಲಗೆಯಲ್ಲಿ ಎಲ್ಲವನ್ನೂ ಹೊಂದಿಸಿದಳು. ಗರಗಸದ ಹಲ್ಲು ತಿನ್ನುವ 4 ಮಿ.ಮೀ.ಯನ್ನೂ ಬಿಡದೆ ಲೆಕ್ಕ ಹಿಡಿದಿದ್ದಳು. ಡ್ರಾಯರಿನ ಅಗಲದ ಲೆಕ್ಕ ಹೀಗೆ: ಪೆಟ್ಟಿಗೆ 600. ಎರಡು ಪಕ್ಕದ ಹಲಗೆ 18, 18 ಕಳೆದರೆ ಒಳಗೆ 564. ಚಾನಲಿಗೆ ಒಂದೊಂದು ಕಡೆ 13ರಂತೆ 26 ಕಳೆದರೆ 538. ಅದೇ ಡ್ರಾಯರಿನ ಹೊರ ಅಗಲ. ಮಕ್ಕಳೇ, 450ರ ಪೆಟ್ಟಿಗೆಗೆ ಎಷ್ಟೆಂದು ನೀವೇ ಹೇಳಿ.

ಜೋಡಿಸಲು ಐದು ದಿನ ಹಿಡಿಯಿತು. ಡ್ರಿಲ್ ನನ್ನ ಕೈಯಲ್ಲಿ, ಪೆನ್ಸಿಲ್ ಗುರುತು ಮತ್ತು ಸ್ಕ್ರೂಡ್ರೈವರ್ ಪುಟ್ಟಿಯ ಕೈಯಲ್ಲಿ. ಸೀರೆ ಸೆರಗು ಸಿಕ್ಕಿಸಿ, ಕನ್ನಡಕ ಹಾಕಿಕೊಂಡು ನಾನು ಡ್ರಿಲ್ ಹಿಡಿದರೆ ಪಕ್ಕದ ಮನೆಯ ಮಕ್ಕಳು ಕಾಂಪೌಂಡ್ ಹತ್ತಿ ಕೂರುತ್ತಿದ್ದರು. ಪುಡಿ ಹಲಗೆ ಮೊಳೆ ಹಿಡಿಯುವುದಿಲ್ಲ. ಇದಕ್ಕೆಂದೇ ದಪ್ಪ ಮೈಯ, ಅಗಲ ಎಳೆಯ 50 ಮಿ.ಮೀ. ಸ್ಕ್ರೂ ಇದೆ, ಅಂಗಡಿಯಲ್ಲಿ ಕನ್ಫರ್ಮ್ಯಾಟ್ ಎಂದರು. ಮೊದಲೇ ತೂತು ಕೊರೆಯದೆ ತಿರುಗಿಸಿದರೆ ಹಲಗೆ ಬಿರಿಯುತ್ತದೆ. ಅಂಚಿನೊಳಗೆ 5 ಮಿ.ಮೀ. ತೂತು, ಸರಿಯಾಗಿ ನಡುವೆ, ಅಂದರೆ 18ರಲ್ಲಿ 9ಕ್ಕೆ. ಪೆಟ್ಟಿಗೆ ನಿಂತ ಮೇಲೆ ಮೂಲೆ ನೇರವಾಗಿದೆಯೇ ಎಂದು ತಿಳಿಯಲು ಪುಟ್ಟಿ ಪೈಥಾಗೊರಸನನ್ನು ಕರೆದಳು. ಅಗಲ 600, ಎತ್ತರ 680 ಆದರೆ ಕರ್ಣ 907 ಬರಬೇಕು. ಒಂದು ಕಡೆ 909, ಇನ್ನೊಂದು ಕಡೆ 905. ಆಚಾರ್ರು ಬಂದು ಉದ್ದವಿದ್ದ ಕರ್ಣದ ಮೂಲೆಗಳನ್ನು ಅಂಗೈಯಿಂದ ಒತ್ತಿ, "ಈಗ ಅಳಿ ಮಗಾ" ಎಂದರು. ಎರಡೂ 907! ಕೂಡಲೇ ಹಿಂದಿನ ಹಲಗೆ ಬಡಿದು ಬಿಗಿಮಾಡಿದೆವು.

ಕೊನೆಯ ಪರೀಕ್ಷಕರು ಇವರು. ಪ್ರತಿ ಅಂಚನ್ನೂ ಅಂಗೈಯಲ್ಲಿ ಸವರಿದರು. ಎರಡನೇ ಡ್ರಾಯರಿನ ಕೆಳಗೆ, ನಮ್ಮಿಬ್ಬರ ಕಣ್ಣಿಗೂ ಕಾಣದ ಕಡೆ, ಪಟ್ಟಿ ಎದ್ದಿದ್ದನ್ನು ಕಂಡುಹಿಡಿದರು. ಒಟ್ಟು ಬಿಲ್ಲು 9,400 ರೂಪಾಯಿ. ಆಚಾರ್ರು ಒಂದು ಪೈಸೆಯನ್ನೂ ಮುಟ್ಟಲಿಲ್ಲ; ಒಬ್ಬಟ್ಟು ತಿಂದರು. "ಪುಡಿ ಹಲಗೆ ಆದ್ರೂ ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ಪದಕವೇ.

ಯಾವ ಡ್ರಾಯರಿನಲ್ಲಿ ಏನೆಂದು ಹಂಚಿದ್ದೂ ಇವರೇ. ಒಲೆಗೆ ಹತ್ತಿರದ ಮೇಲಿನ ಡ್ರಾಯರು, ಅಲೆಯಂಚಿನ ಹಿಡಿಯದು, "ಹತ್ತು ಪೈಸೆ": ಕಾಫಿಪುಡಿ, ಸಕ್ಕರೆ, ಫಿಲ್ಟರು. ಅದರ ಕೆಳಗೆ "ಐದು ಪೈಸೆ": ಲೋಟ, ಚಮಚ. ನಾವು ಯಾರೂ ಬೆಳಗಿನ ಕಾಫಿಯ ಮಾತೆತ್ತಲಿಲ್ಲ. ಮೂರು ದಿನ ಹಾಗೇ ಕಳೆಯಿತು. ನಾಲ್ಕನೆಯ ದಿನ ಇನ್ನೂ ಕತ್ತಲಿರುವಾಗ ನನಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಚಪ್ಪಲಿಯ ಸದ್ದು. ಡ್ರಾಯರ್ ಜಾರಿತು. ಸ್ವಲ್ಪ ಹೊತ್ತು ನಿಶ್ಶಬ್ದ. ಆಮೇಲೆ "ಟಕ್". ಇನ್ನೊಂದು ಜಾರಿತು, "ಟಕ್". ನಾನು ಏಳಲಿಲ್ಲ. ಪಕ್ಕದಲ್ಲಿ ಮಲಗಿದ್ದ ಪುಟ್ಟಿ ಪಿಸುಗುಟ್ಟಿದಳು, "ಅಜ್ಜಿ, ಹತ್ತು ಪೈಸೆ ಆಯ್ತು. ಈಗ ಐದು ಪೈಸೆ."

ಇದೆಲ್ಲ ಆಗಿ ವರ್ಷ ತುಂಬಿತು. ಒಂದು ಮಳೆಗಾಲ ದಾಟಿದೆ, ಹಲಗೆ ಉಬ್ಬಿಲ್ಲ. ಪ್ರತಿ ರಜದಲ್ಲೂ ಪುಟ್ಟಿ ಬಂದೊಡನೆ ಸ್ಕ್ರೂಡ್ರೈವರ್ ಹಿಡಿದು ಹಿಡಿಗಳನ್ನು ಬಿಗಿಮಾಡುತ್ತಾಳೆ. ಮನೆಯಲ್ಲಿ ಈಗ ಒಂದೇ ಕಾನೂನು: ತೆಗೆದದ್ದನ್ನು ತೆಗೆದಲ್ಲೇ ಇಡಬೇಕು. ಮೊನ್ನೆ ಮಗ ಬಂದಿದ್ದಾಗ ರಾತ್ರಿ ಹಾಲಿಗೆ ಸಕ್ಕರೆ ಹಾಕಿಕೊಂಡು ಡಬ್ಬವನ್ನು ಎಲ್ಲೋ ಇಟ್ಟಿದ್ದ. ಬೆಳಿಗ್ಗೆ ನಾಲ್ಕೂವರೆಗೆ ಅಡುಗೆಮನೆಯಿಂದ, ಹಳೆಯ ಕಂಡಕ್ಟರ್ ಗಂಟಲಿನಲ್ಲಿ, ಓಣಿಗೆಲ್ಲ ಕೇಳುವಂತೆ ಕೂಗು ಬಂತು: "ಹತ್ತು ಪೈಸೇಲಿದ್ದ ಸಕ್ಕರೆ ಡಬ್ಬ ಯಾರ್ರೀ ಇಳಿಸಿದ್ದು?"